ಪಿಸ್ಟನ್ ಮೇಲಿನ ಮುದ್ದೆ

ಊಟಕ್ಕೆಂದು ತಂದ ರಾಗಿಮುದ್ದೆಯಲ್ಲಿ ಒಂದು ತುತ್ತು ಮುರಿದು, ಅಂಟದಿರಲೆಂದು ತುಪ್ಪ ಸವರಿ, ಮಗ ಅದನ್ನು ಕಾರಿನ ಪಿಸ್ಟನ್ ನೆತ್ತಿಗೆ ಮೆತ್ತಿದಾಗ ಎರ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ತಿನ್ನೋ ಅನ್ನ ಕಣ್ಲಾ ಅದು! ಎಂಜಿನ್ನಿಗೆ ಇಕ್ತೀಯಲ್ಲ!"

"ತಡಿಯಮ್ಮೋ" ಎಂದ ಆಂಜನಪ್ಪ. ಹಿಂದೂಪುರದಲ್ಲಿ ಅವನು ತೆರೆದ ಸ್ವಂತ ಗ್ಯಾರೇಜಿಗೆ ಬಂದ ಮೊದಲ ಕಾರು, ಹಳೇ ಫಿಯೆಟ್ಟು. ಕಂಪ್ರೆಷನ್ ಏರಿ ಕಾರಿಗೆ ಬಲ ಬರಲೆಂದು ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್ಡಿನ ತಳ ತೇಯಿಸಿ ತಂದಿದ್ದ. ತೇದದ್ದು ಹೆಚ್ಚಾಗಿದ್ದರೆ ಹೆಡ್ಡಿನಲ್ಲಿರುವ ವಾಲ್ವು ಕೆಳಗಿನ ಪಿಸ್ಟನ್ನಿಗೆ ಬಡಿದು ಎಲ್ಲ ಹಾಳು. ಹೆಡ್ಡು ಬಿಗಿದು, ಕೈಯಲ್ಲೇ ಎಂಜಿನ್ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದ. ಮುದ್ದೆಯ ಮೇಲೆ ವಾಲ್ವಿನ ದುಂಡನೆಯ ಗುರುತು ಮೂಡಿತ್ತು. ಅದರಡಿ ಎಷ್ಟು ದಪ್ಪ ಉಳಿದಿದೆಯೆಂದು ಕೊಯ್ದು ನೋಡಲು ಬ್ಲೇಡು ಹಿಡಿದ. ಮುದ್ದೆ ಬ್ಲೇಡಿಗೆ ಅಂಟಿಕೊಂಡು ಎದ್ದು ಬರತೊಡಗಿತು.

"ಬಿಡು, ಕಿತ್ತೋಯ್ತದೆ." ಮಗ್ಗದಿಂದ ಎದ್ದು ಬಂದಿದ್ದ ಎರ್ರಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ರೇಷ್ಮೆ ಎಳೆಯನ್ನು ಬಿಗಿಯಾಗಿ ಹಿಡಿದು, ಒಂದೇ ಎಳೆತಕ್ಕೆ ಮುದ್ದೆಯನ್ನು ಸೀಳಿದಳು. ಆಂಜನಪ್ಪ ಪಕ್ಕದಲ್ಲಿ ರೂಪಾಯಿ ಬಿಲ್ಲೆ ಇಟ್ಟು ನೋಡಿದ; ಅಷ್ಟು ದಪ್ಪ ಉಳಿದಿದ್ದರೆ ವಾಲ್ವು ಬಡಿಯುವ ಭಯವಿಲ್ಲ. ಬಿಲ್ಲೆಗಿಂತ ಮುದ್ದೆಯೇ ದಪ್ಪ!

"ಸರಿಪೋಯಿಂದಮ್ಮಾ! ಸರಿಹೋಯ್ತು, ಬದುಕ್ಕೊಂಡೆ!" ಎಂದು ಗ್ರೀಸಿನ ಕೈಯಲ್ಲೇ ಅವಳನ್ನು ಅಪ್ಪಿಕೊಂಡ.

ಎರ್ರಮ್ಮ ಅವನನ್ನು ಕೊಡವಿಕೊಂಡು, ಎದುರು ಗ್ಯಾರೇಜಿನವರಿಗೆ ಕೇಳುವಂತೆ ಕೂಗಿದಳು: "ನಿಮ್ಮ ಎಂಜಿನ್ನಿಗೂ ಬೇಕಾದ್ರೆ ಹೇಳ್ರಪ್ಪ, ನಾಳೆ ಒಂದು ಮುದ್ದೆ ಜಾಸ್ತಿ ತೊಳಸ್ಕೊಂಡು ಬತ್ತೀನಿ!"