ಜಿಯಾವುಲ್ಲಾನ ತಂತಿ

"ಅದೇನಯ್ಯಾ, ಬಟ್ಟೆ ಒಣಗಿಸೋಕಾ, ಕರೆಂಟ್ ಕದಿಯೋಕಾ?"

ತಾರಸಿಯ ಅಂಚಿಗೆ ಬಂದು ನರಸಿಂಹಮೂರ್ತಿ ಕೂಗಿದರು. ಪಕ್ಕದ ತಾರಸಿಯಲ್ಲಿ ಜಿಯಾವುಲ್ಲಾ ಬಿದಿರು ಗಳಕ್ಕೆ ತಾಮ್ರದ ತಂತಿ ಬಿಗಿಯುತ್ತಿದ್ದ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ ಅವನದು ಮಿಕ್ಸಿ, ಮೋಟಾರ್ ರಿಪೇರಿ ಅಂಗಡಿ. ಏಳನೇ ಕ್ಲಾಸು ದಾಟದವನು. ನರಸಿಂಹಮೂರ್ತಿ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತರಾದವರು.

"ಏರಿಯಲ್ ಸಾರ್. ಶಾರ್ಟ್‌ವೇವ್ ರೇಡಿಯೋಗೆ. ದೂರದ ದೇಶದ ಸ್ಟೇಷನ್ನೆಲ್ಲ ಬರುತ್ತೆ."

"ಪ್ರಪಂಚವೆಲ್ಲ ಮೊಬೈಲಲ್ಲಿ ಬರ್ತಿರೋವಾಗ ಇವನಿಗೆ ಏರಿಯಲ್ಲಂತೆ!" ಅವರು ನಕ್ಕರು. ಆಮೇಲೆ ತಂತಿಯನ್ನು ನೋಡಿ ಇನ್ನೂ ಜೋರಾಗಿ ನಕ್ಕರು. "ಅದು ಮೋಟಾರಿಗೆ ಸುತ್ತೋ ತಂತಿ ಕಣಯ್ಯಾ. ಮೈತುಂಬ ವಾರ್ನಿಷ್. ಪೂರ್ತಿ ಕೆರೆದು ಹಾಕು. ಇಲ್ಲದಿದ್ರೆ ಏನೂ ಕೇಳಿಸಲ್ಲ."

ಜಿಯಾವುಲ್ಲಾನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅವನು ಒಂದು ಕ್ಷಣ ಏನನ್ನೋ ಕೇಳಿಸಿಕೊಂಡ.

"ತುದೀಲಿ ಮಾತ್ರ ಕೆರೆದ್ರೆ ಸಾಕಂತೆ ಸಾರ್. ಮೇಡಂ ಹೇಳ್ತಿದ್ದಾರೆ."

"ಯಾವ ಮೇಡಮ್ಮು?"

"ಫೋನಲ್ಲಿದ್ದಾರೆ. ಅವರು ಹೇಳ್ತಾರೆ, ನಾನು ಕಟ್ತೀನಿ. ಬಹಳ ತಿಳ್ಕೊಂಡೋರು ಸಾರ್."

"ಯೂಟ್ಯೂಬಲ್ಲಿ ಬಾಯಿ ಬಡ್ಕೊಳ್ಳೋ ಯಾವಳೋ ಇರ್ಬೇಕು. ನನ್ನೆದುರಿಗೆ ತಂದು ಕೂರಿಸು. ಎರಡೇ ಪ್ರಶ್ನೆ ಕೇಳಿ ಓಡಿಸ್ತೀನಿ."

ಜಿಯಾವುಲ್ಲಾ ತಲೆ ತಗ್ಗಿಸಿದ. ಅವನ ಮುಖದಲ್ಲಿ ನಗು ಸುಳಿದಂತಿತ್ತು. ತಂತಿಯ ಇನ್ನೊಂದು ತುದಿಗೆ ಪಿವಿಸಿ ಪೈಪಿನ ತುಂಡು ಪೋಣಿಸಿ, ನೈಲಾನ್ ಹಗ್ಗದಿಂದ ಹಿತ್ತಿಲ ಸಿಲ್ವರ್ ಓಕ್ ಮರಕ್ಕೆ ಎಳೆದು ಕಟ್ಟಿದ. ಕರೆಂಟ್ ಲೈನಿನಿಂದ ದೂರವಿದೆಯೇ ಎಂದು ಎರಡು ಸಲ ನೋಡಿದ.

ನರಸಿಂಹಮೂರ್ತಿ ಕೆಳಗಿಳಿದು ಬಂದರು. "ಅಮೃತಾ, ಕಾಫಿ!"

"ಐದು ನಿಮಿಷ," ಮುಚ್ಚಿದ ಅಡುಗೆಮನೆ ಬಾಗಿಲಿನ ಹಿಂದಿನಿಂದ ಹೆಂಡತಿಯ ದನಿ.

ಪಕ್ಕದವನ ಪೆದ್ದುತನವನ್ನು ಹೇಳಿ ನಗೋಣವೆನಿಸಿತು. ಬಿಟ್ಟರು. ಇಂಥದ್ದನ್ನು ಅವಳಿಗೆ ಹೇಳಿ ಪ್ರಯೋಜನವಿಲ್ಲವೆಂದು ಮದುವೆಯಾದ ಹೊಸತರಲ್ಲೇ ತೀರ್ಮಾನಿಸಿದ್ದರು. ಬಿ.ಎಸ್ಸಿ. ಎರಡನೇ ವರ್ಷಕ್ಕೇ ಬಿಟ್ಟವಳು. ಒಗ್ಗರಣೆ ಸೀದರೆ ಗೊತ್ತಾಗುತ್ತದೆ, ಅಷ್ಟೆ.

ಕಾಫಿ ಬರಲಿಲ್ಲ. ಕೂತಲ್ಲೇ ಸಿಟ್ಟು ಏರಿತು. ಆ ತಂತಿಗೆ ನಾಳೆ ಸಿಡಿಲು ಬಡಿದರೆ? ನಗರಸಭೆಗೆ ದೂರು ಕೊಡಬೇಕು. ಅದಕ್ಕೆ ಫೋಟೋ ಬೇಕು. ತಂತಿ ಯಾವ ಕಿಟಕಿಯೊಳಗೆ ಹೋಗಿದೆ ಎನ್ನುವುದು ಬೇಕು. ಮೊಬೈಲ್ ಹಿಡಿದು ಎರಡು ಮನೆಗಳ ನಡುವಿನ ಸಂದಿಗೆ ನುಗ್ಗಿದರು.

ಬಿದಿರು ಗಳದಿಂದ ತಂತಿ ಹೊಳೆಯುತ್ತ ಇಳಿದಿತ್ತು. ಎಡಗಡೆ ಜಿಯಾವುಲ್ಲಾನ ಗೋಡೆ. ಅಲ್ಲೇನೂ ಇರಲಿಲ್ಲ. ತಂತಿ ಬಲಕ್ಕೆ ಬಂದು, ಅವರದೇ ಗೋಡೆಯ ಮೇಲಿನ ಮೊಳೆಗಳಿಗೆ ಒಪ್ಪವಾಗಿ ಸುತ್ತಿಕೊಂಡು, ಅವರದೇ ಅಡುಗೆಮನೆಯ ಕಿಟಕಿಯೊಳಗೆ ಹೋಗಿತ್ತು.

ಮೊಬೈಲ್ ಹಿಡಿದ ಕೈ ಕೆಳಗಿಳಿಯಿತು. ಒಳಗೆ ಸಿಳ್ಳೆಯಂಥ ಸದ್ದು ಮೆಲ್ಲಗೆ ಕರಗಿ, ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಸ್ಪಷ್ಟವಾಗಿ ಮಾತಾಡತೊಡಗಿದರು. ಅದರ ನಡುವೆ ಅಮೃತಾ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು:

"ಚೆನ್ನಾಗಿ ಬರ್ತಿದೆ ಜಿಯಾವುಲ್ಲಾ. ನಮ್ಮನೆಯವರ ಮಾತಿಗೆ ಬೇಜಾರು ಮಾಡ್ಕೋಬೇಡಿ, ಪಾಪ, ಅವರಿಗೆ ಇದೆಲ್ಲ ಅರ್ಥ ಆಗಲ್ಲ."