ಹಲವು ಕೈಯ ರೊಟ್ಟಿ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳು. ಗೋಕಾವಿ ಸೀಮೆ ಇನ್ನೂ ಮುಂಬಯಿ ಸರಕಾರದಲ್ಲಿತ್ತು. ಹೊತ್ತು ನೆತ್ತಿಗೆ ಬರುವ ವೇಳೆಗೆ ಸಾತವ್ವ ಮೇಲವಂಕಿಯ ಚಾವಡಿಯ ಮೆಟ್ಟಿಲು ಹತ್ತಿದಳು. ತಲೆಗೂದಲು ಒದ್ದೆ. ಕಂಕುಳಲ್ಲಿ ಒಂದು ಗಂಟು.

ಒಳಗೆ ಕಂಬಕ್ಕೆ ಒರಗಿ ಕೇದಾರಿ ಕುಳಿತಿದ್ದ. ಕೈಗೆ ಬೇಡಿ. ಅವಳನ್ನು ಕಂಡವನೇ ತಲೆ ತಗ್ಗಿಸಿದ. ಮತ್ತೆ ಎತ್ತಲಿಲ್ಲ.

"ಏನ ಮುದುಕಿ?" ಎಂದ ಫೌಜದಾರ ರಾವಸಾಹೇಬ.

"ಅವನ್ನ ಬಿಡ್ರಿ ಸಾಹೇಬ್ರ. ಅವ ಕೊಂದಿಲ್ಲ."

ರಾವಸಾಹೇಬ ಈ ಸೀಮೆಗೆ ಹೊಸಬ. ಮೇಲವಂಕಿಗೆ ಬಂದದ್ದು ಅಂದೇ ಮೊದಲು. ಅವನು ಬರುವಷ್ಟರಲ್ಲಿ ಪಂಚನಾಮೆ ಮುಗಿದಿತ್ತು. ಮಣ್ಣಿಗೆ ಹೋದ ಊರ ಗಂಡಸರು ಇನ್ನೂ ಹಳ್ಳದಿಂದ ತಿರುಗಿರಲಿಲ್ಲ. ಸತ್ತವನ ತಾಯಿ ಮಾತಾಡುವ ಸ್ಥಿತಿಯಲ್ಲಿಲ್ಲ ಎಂದು ಪೊಲೀಸ ಪಾಟೀಲ ಹೇಳಿ ಹೋಗಿದ್ದ. ಕೇಳಬೇಕಾದದ್ದೂ ಹೆಚ್ಚೇನು ಉಳಿದಿರಲಿಲ್ಲ. ಲಗಮಪ್ಪ ನಿನ್ನೆ ಬಾವಿಯಲ್ಲಿ ಸತ್ತಿದ್ದ. ಜೊತೆಗಿದ್ದವನು ಕೇದಾರಿ ಒಬ್ಬನೇ. ಅದರ ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು. ಎತ್ತುಗಳು ನೀರೆಳೆಯುವ ಕಪಲಿಯ ಹಗ್ಗವನ್ನು ಯಾರೋ ಕೊಯ್ದಿದ್ದರು. ಕೇದಾರಿ ಓಡುವುದನ್ನು ಹೊಲದವರು ನೋಡಿದ್ದರು. ಲಗಮಪ್ಪನ ಕಾಲು ಪಾಚಿಗೆ ಜಾರಿತು ಎಂದಷ್ಟೇ ಹೇಳಿ ಕೇದಾರಿ ಬಾಯಿ ಮುಚ್ಚಿಕೊಂಡಿದ್ದ.

ಇಷ್ಟನ್ನು ಒಂದಕ್ಕೊಂದು ಕೂಡಿಸಿದರೆ ಸಿಗುವ ಉತ್ತರ ಒಂದೇ. ಫೌಜದಾರನಿಗೆ ತನ್ನ ತರ್ಕದ ಮೇಲೆ ಬಹಳ ನಂಬಿಕೆ.

"ಇದು ಗಲ್ಲಿನ ಕೇಸು," ಎಂದ. "ಇಬ್ಬರೂ ಜಗಳಾಡಿದ್ದು ಖರೆ ಹೌದಿಲ್ಲ?"

"ಖರೆರಿ. ಒಂದೊಂದ ಎತ್ತ ಇದ್ದವ್ರು ಕೂಡಿ ಹೂಡಿದ್ರ ದಿನಾ ಜಗಳ ಇದ್ದದ್ದ. ನಿನ್ನ ಎತ್ತ ಮೈಗಳ್ಳ ಅಂತ ಇವ, ನಿನ್ನ ಎತ್ತ ಹೊಟ್ಟಿಬಾಕ ಅಂತ ಅವ. ಜಗಳಾಡಿದವ್ರೆಲ್ಲಾ ಕೊಲ್ಲತಿದ್ರ ಈ ಊರಾಗ ಬಿತ್ತಾಕ ಒಬ್ಬನೂ ಉಳೀತಿದ್ದಿಲ್ಲ."

ಬಾಗಿಲಲ್ಲಿ ನಿಂತಿದ್ದ ಪೇದೆ ಬಾಬಾಲಾಲ ನಕ್ಕ. ಫೌಜದಾರ ತಿರುಗಿ ನೋಡಿದ ಕೂಡಲೇ ನಗು ನುಂಗಿಕೊಂಡ.

"ಮತ್ತ ಓಡಿದ್ಯಾಕ?"

"ಯಾ ಕಡೆ ಓಡಿದ ಅಂತ ಕೇಳಿರೇನ್ರಿ?"

ಕೇಳಿರಲಿಲ್ಲ.

"ಕೊಂದವ ಗುಡ್ಡದ ಕಡೆ ಓಡತಾನ. ಇವ ಊರ ಕಡೆ ಓಡಿ ಬಂದು ನಮ್ಮ ಬಾಗಲದಾಗ ಬಿದ್ದಾನ್ರಿ. ಬಾಯಿಂದ ಮಾತ ಹೊರಡವಲ್ದಾಗಿತ್ತು."

"ಹೆದರಿದವ ಎಲ್ಲಿ ಓಡತಾನ? ಮನಿಗೇ ಓಡತಾನ," ಎಂದ ಫೌಜದಾರ. "ಹಗ್ಗದ ಮಾತು ಹೇಳು. ಲಗಮಪ್ಪ ಹಗ್ಗ ಹಿಡಿದು ಇಳಿದಿದ್ದ. ಮ್ಯಾಲೆ ಇವ ಕೊಯ್ದ."

"ಎಲ್ಲಿ ಕೊಯ್ದೈತ್ರಿ?"

ಫೌಜದಾರ ಪೇದೆಯ ಮುಖ ನೋಡಿದ. "ನೊಗದ ಬಾಜೂಕ ರೀ," ಎಂದ ಬಾಬಾಲಾಲ.

"ಕೆಡವಬೇಕಂದವ ಬಾವಿ ದಂಡ್ಯಾಗ ಕೊಯ್ಯತಾನ್ರಿ. ನೊಗದ ತನಕ ಹೋಗಿ ಕೊಯ್ದವಂಗ ಪೂರಾ ಹಗ್ಗ ಬೇಕಾಗಿತ್ತು. ನೀರಾಗ ಬಿದ್ದವಂಗ ಒಗ್ಯಾಕ. ಅವ ಹಿಡದಿದ್ದ, ಇವ ಎಳದಾನ. ಕೈ ಸೋತು ಅವ ಬಿಟ್ಟಾನ. ಇವನ ಅಂಗೈ ನೋಡ್ರಿ."

ಕೇದಾರಿಯ ಅಂಗೈಗಳ ತೊಗಲು ಸುಲಿದು ಹಸಿಯಾಗಿತ್ತು.

ಫೌಜದಾರ ಬಗ್ಗಿ ಅವನ್ನು ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ.

"ಚಂದ ಮಾತಾಡತಿ ಮುದುಕಿ. ಇದನ್ನ ಬ್ಯಾರೆ ಯಾರರೆ ಬಂದು ಹೇಳಿದ್ರ ಕೇಳತಿದ್ನೋ ಏನೋ. ಹೆತ್ತ ಕರುಳು ಮತ್ತೇನಂದೀತು?"

"ಹೌದ್ರಿ," ಎಂದಳು ಸಾತವ್ವ. "ಹೆತ್ತ ಕರುಳ."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಒಡೆಯಿತು. ಅವಳು ಕುಸಿದು ಫೌಜದಾರನ ಬೂಟಿನ ಮೇಲೆ ಕೈಯಿಟ್ಟಳು. "ಇವನ್ನ ಗಲ್ಲಿಗಿ ಹಾಕಿದ್ರ, ನಾಳೆ ಬಾವ್ಯಾಗ ಬಿದ್ದವಂಗ ಹಗ್ಗ ಒಗಿಯವ್ರು ಯಾರ್ರಿ? ಎಲ್ಲಾರೂ ದಂಡ್ಯಾಗ ನಿಂತು ನೋಡತಾರ್ರಿ. ಕೈ ಕಟಿಗೊಂಡು ನೋಡತಾರ."

ಫೌಜದಾರ ಕಾಲು ಹಿಂದೆಳೆದುಕೊಂಡ. "ಗಂಟಿನಾಗ ಏನೈತಿ ನೋಡು," ಎಂದ.

ಬಾಬಾಲಾಲ ಬಿಚ್ಚಿದ. ರೊಟ್ಟಿ. ಒಂದು ದಪ್ಪ, ಒಂದು ತೆಳು. ಒಂದರ ಮೇಲೆ ಎಳ್ಳು, ಇನ್ನೊಂದು ಸಜ್ಜೆಯದು, ಮತ್ತೊಂದರ ಅಂಚು ಸೀದಿತ್ತು. ಒಂದೇ ಕೈ ಬಡಿದ ರೊಟ್ಟಿಗಳಲ್ಲ. ಫೌಜದಾರ ಅದನ್ನೂ ಕೂಡಿಸಿ ನೋಡಿದ. ಉತ್ತರ ತಕ್ಷಣ ಸಿಕ್ಕಿತು.

"ಮನಿಮನಿ ಬೇಡಿ ತಂದಿಯೇನ?"

"ಮಂದಿ ಕೊಟ್ಟಾರ್ರಿ. ನಿನ್ನಿಯಿಂದ ಇವ ತುತ್ತ ಮುಟ್ಟಿಲ್ಲ."

ಅವಳೂ ಮುಟ್ಟಿದಂತಿರಲಿಲ್ಲ. ಫೌಜದಾರನ ಮನಸ್ಸು ತುಸು ಕರಗಿತು. ಕಾನೂನು ಬೇರೆ, ಕರುಣೆ ಬೇರೆ.

"ಬೇಡಿ ತಗಿ, ಉಣ್ಣಲಿ," ಎಂದು ಪೇದೆಗೆ ಹೇಳಿದ. ಅವಳ ಕಡೆ ತಿರುಗಿ ದನಿ ತಗ್ಗಿಸಿದ. "ನೋಡಬೇ, ಹೊತ್ತ ಇಳದ ಮ್ಯಾಲೆ ಟಾಂಗಾ ಹೊರಡತೈತಿ. ನಿನ್ನ ಮಗನ ಜೋಡಿ ಏನ ಮಾತಾಡೂದೈತಿ, ಆಡಿ ಮುಗಸು."

ಸಾತವ್ವ ರೊಟ್ಟಿ ಮುರಿದಳು. ಸುಲಿದ ಅಂಗೈಗೆ ತಾಗದ ಹಾಗೆ ಕೇದಾರಿಯ ಬೆರಳುಗಳ ನಡುವೆ ಇಟ್ಟಳು. ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ. ಅವಳು ಅಳಲಿಲ್ಲ.

"ನನ್ನ ಮಗನ ಜೋಡಿ ಮಾತ ಮುಗದಾವ್ರಿ ಸಾಹೇಬ್ರ," ಎಂದಳು. "ಲಗಮಪ್ಪಗ ಮುಂಜಾನೇನ ಮಣ್ಣ ಕೊಟ್ಟು, ಜಳಕಾ ಮಾಡಿ ಬಂದೇನಿ. ಸತ್ತ ಮನ್ಯಾಗ ಒಲಿ ಹಚ್ಚೂ ಹಂಗಿಲ್ಲಲ್ರಿ, ಅದಕ್ಕ ಓಣ್ಯಾವ್ರು ತಮ್ಮ ತಮ್ಮ ಮನಿ ರೊಟ್ಟಿ ತಂದ ಕೊಟ್ಟಾರ."

ಅಂದು ಸಂಜೆಯ ಟಾಂಗಾದಲ್ಲಿ ಗೋಕಾವಿಗೆ ಹೋದವರು ಫೌಜದಾರ ಮತ್ತು ಬಾಬಾಲಾಲ, ಇಬ್ಬರೇ.