ಶನಿವಾರದ ಪುಂಡಿ

ಹಬೆಯಲ್ಲಿ ಬೆಂದ ಅಕ್ಕಿಯುಂಡೆ, ಪುಂಡಿಯ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ಬಾಗಿಲ ಸರಪಳಿಯತ್ತ ಹೋಗುತ್ತದೆ.

ಕೊಲ್ಲಿ ದೇಶದಲ್ಲಿದ್ದಾಗ, ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟಿನಲ್ಲಿ ಶನಿವಾರ ಮಧ್ಯಾಹ್ನ ಪರದೆ ಎಳೆದುಕೊಂಡು ನಾವು ನಮ್ಮ ಧರ್ಮಗ್ರಂಥ ತೋರಾದ ಆ ವಾರದ ಭಾಗ ಓದುತ್ತಿದ್ದೆವು. ಅಪ್ಪ ಹುಬ್ಬಳ್ಳಿಯ ಯಹೂದಿ; ಶನಿವಾರ ನಮ್ಮ ವಿಶ್ರಾಂತಿಯ ದಿನ, ಒಲೆ ಹಚ್ಚುವಂತಿರಲಿಲ್ಲ. "ಯಾರ ಕೇಳಿದ್ರೂ ಕ್ರಿಶ್ಚಿಯನ್ ಅನ್ರಿ. ಗೊತ್ತಾದ್ರ ಕೆಲಸ ಹೋಗ್ತದ" ಎಂದು ನಮಗೆ ಕಲಿಸಿದ್ದರು. ಓದು ಮುಗಿದ ಮೇಲೆ ಮಕ್ಕಳು ಒಂದೊಂದು ಪ್ರಶ್ನೆ ಕೇಳಲೇಬೇಕಿತ್ತು.

ಒಂದು ಶನಿವಾರ ಅಬ್ರಹಾಮನ ಕಥೆ. ಸುಡುಬಿಸಿಲಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದವನು ಮೂವರು ಅಪರಿಚಿತರನ್ನು ಕಂಡು, ಊಟಕ್ಕೆ ಕರೆಯಲು ಓಡಿದ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅಮ್ಮ ಪುಸ್ತಕವನ್ನು ದಿಂಬಿನಡಿ ತಳ್ಳಿದಳು. ಅಪ್ಪ ಸರಪಳಿ ಬಿಚ್ಚದೆ ಬಾಗಿಲನ್ನು ಬೆರಳಷ್ಟು ಸರಿಸಿದರು.

ಎದುರು ಫ್ಲ್ಯಾಟಿನ ಉಳ್ಳಾಲದ ಆಯಿಷಮ್ಮ. "ಶನಿವಾರ ನಿಮ್ಮಲ್ಲಿ ಒಲೆ ಹಚ್ಚುದಿಲ್ಲ ಅಲ್ವಾ? ಪುಂಡಿ ಉಂಟು, ಬರೀ ಅಕ್ಕಿ, ತೆಂಗಿನಕಾಯಿ. ಮಕ್ಕಳಿಗೆ ಕೊಡಿ."

ಆ ಸಂದಿಯಲ್ಲಿ ಡಬ್ಬಿ ತೂರಲಿಲ್ಲ. ಹೊಸ್ತಿಲಲ್ಲೇ ಇಟ್ಟು ಹೋದರು.

"ಒಲಿ ವಿಷಯ ಆಕಿಗೆ ಹೆಂಗ ಗೊತ್ತು?" ಬಾಗಿಲು ಮುಚ್ಚಿದ ಅಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. "ಯಾರ ಹೇಳಿದ್ರಿ? ಆ ಡಬ್ಬಿ ಯಾರೂ ಮುಟ್ಟಬ್ಯಾಡ್ರಿ."

ಬಾಗಿಲಡಿಯಿಂದ ಬೆಂದ ಕಾಯಿಯ ವಾಸನೆ ಒಳಗೆ ಬರುತ್ತಲೇ ಇತ್ತು. ನನ್ನ ಹೊಟ್ಟೆ ಗುರ್ರೆಂದಿತು. ಅಪ್ಪ ಪುಸ್ತಕ ಹೊರತೆಗೆದು ಗಡಬಡಿಸಿ ಓದಿ ಮುಗಿಸಿದರು. ಮೊದಲ ಪ್ರಶ್ನೆ ತಂಗಿಯದು.

"ಡ್ಯಾಡಿ, ಅಬ್ರಹಾಂ ಆ ಮೂರು ಜನಕ್ಕೆ ಹೂ ಆರ್ ಯು ಅಂತ ಕೇಳ್ಲೇ ಇಲ್ವಾ?"

ಅಪ್ಪ ಪುಟ ಹಿಂದಕ್ಕೆ ತಿರುವಿ ಬಹಳ ಹೊತ್ತು ಹುಡುಕಿದರು.